ಮಕ್ಕಳ ಜಂತುಹುಳು: ಯಾವುದಕ್ಕೆ ಯಾವ ಮದ್ದು?

"ಮಗು ಸರಿಯಾಗಿ ಊಟ ಮಾಡುವುದಿಲ್ಲ, ರಾತ್ರಿ ಹಲ್ಲು ಕಡಿಯುತ್ತದೆ. ಹುಳದ ಮದ್ದು ಕೊಡಬಹುದೇ?" ಉಡುಪಿ, ಕಾಪು ಕಡೆಯ ತಾಯಂದಿರಿಂದ ಆಗಾಗ ಕೇಳಿಬರುವ ಪ್ರಶ್ನೆ ಇದು. ಹಲ್ಲು ಕಡಿಯುವುದು ಹುಳುವಿನ ಗುರುತು ಎನ್ನಲು ಗಟ್ಟಿ ಆಧಾರವಿಲ್ಲ. ಸಿಹಿ ತಿಂದರೆ ಹುಳು ಹುಟ್ಟುತ್ತದೆ ಎಂಬುದೂ ತಪ್ಪು. ಮಲದಿಂದ ಮಣ್ಣು ಸೇರಿದ ಮೊಟ್ಟೆಗಳೇ ಇದಕ್ಕೆ ಮೂಲ.

ದುಂಡುಹುಳು ಮತ್ತು ಚಾಟಿಹುಳುಗಳ ಮೊಟ್ಟೆ ಕೊಳಕು ಕೈ, ತೊಳೆಯದ ತರಕಾರಿಯ ಮೂಲಕ ಹೊಟ್ಟೆ ಸೇರುತ್ತದೆ. ಕೊಕ್ಕೆಹುಳುವಿನ ದಾರಿ ಬೇರೆ. ಅದರ ಮರಿ ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೋಗುತ್ತದೆ. ನೆರಳು, ತೇವ ಇರುವ ಸಡಿಲ ಮಣ್ಣು ಅದಕ್ಕೆ ಇಷ್ಟ. ಕಾರ್ಕಳದ ಅಡಿಕೆ ತೋಟ, ಕರಾವಳಿಯ ಮರಳು ಮಣ್ಣಿನ ಹಿತ್ತಲು, ಜೊತೆಗೆ ನಮ್ಮ ಮಳೆಗಾಲ: ಬಯಲು ಶೌಚ ಇದ್ದರೆ ಅದಕ್ಕೆ ಇನ್ನೇನು ಬೇಕು? ಕರುಳಿಗೆ ಕಚ್ಚಿ ರಕ್ತ ಹೀರುವ ಈ ಹುಳುವೇ ಮಗುವನ್ನು ಬಿಳಿಚಿಸುವುದು, ಪಾಠದಲ್ಲಿ ಹಿಂದೆ ಹಾಕುವುದು.

ಅಂಗಡಿಯಲ್ಲಿ ಎಲ್ಲಕ್ಕೂ 'ಹುಳದ ಮದ್ದು' ಎಂದೇ ಹೆಸರು. ಆದರೆ ಎಲ್ಲ ಮದ್ದೂ ಒಂದೇ ಅಲ್ಲ. ಅಲ್ಬೆಂಡಝೋಲ್ ಮತ್ತು ಮೆಬೆಂಡಝೋಲ್ ಹುಳುವಿಗೆ ಸಕ್ಕರೆ ಸಿಗದಂತೆ ಮಾಡಿ ಉಪವಾಸ ಕೆಡವುತ್ತವೆ. ಪೈರಾಂಟೆಲ್ ಹುಳುವಿಗೆ ಲಕ್ವ ಹೊಡೆಸಿ ಮಲದೊಂದಿಗೆ ಹೊರಹಾಕುತ್ತದೆ.

2008ರಲ್ಲಿ 'ಜಾಮಾ' ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆ ಹಲವು ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡಿದ ವರದಿಯನ್ನು ಪ್ರಕಟಿಸಿತು. ಒಂದೇ ಸಲದ ಮದ್ದಿನಿಂದ ದುಂಡುಹುಳು ವಾಸಿಯಾದವರು ಅಲ್ಬೆಂಡಝೋಲ್‌ನಲ್ಲಿ ಶೇ. 88, ಮೆಬೆಂಡಝೋಲ್‌ನಲ್ಲಿ ಶೇ. 95, ಪೈರಾಂಟೆಲ್‌ನಲ್ಲಿ ಶೇ. 88. ಇಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಕೊಕ್ಕೆಹುಳುವಿಗೆ ಬಂದಾಗ ಅಲ್ಬೆಂಡಝೋಲ್ ಶೇ. 72, ಪೈರಾಂಟೆಲ್ ಶೇ. 31, ಮೆಬೆಂಡಝೋಲ್ ಬರೀ ಶೇ. 15! ಚಾಟಿಹುಳುವಿಗಂತೂ ಒಂದು ಮಾತ್ರೆ ಸಾಲದು, ಅಲ್ಬೆಂಡಝೋಲ್ ಶೇ. 28, ಮೆಬೆಂಡಝೋಲ್ ಶೇ. 36 ಮಾತ್ರ. ಅದಕ್ಕೆ ವೈದ್ಯರು ಮೂರು ದಿನದ ಚಿಕಿತ್ಸೆ ಹೇಳುತ್ತಾರೆ.

2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಂಗವಾಗಿ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಉಚಿತವಾಗಿ ಕೊಡುವುದು ಅಲ್ಬೆಂಡಝೋಲ್ ಮಾತ್ರೆಯನ್ನೇ. ಎರಡು ವರ್ಷ ದಾಟಿದವರಿಗೆ 400 ಮಿಲಿಗ್ರಾಂನ ಒಂದು ಮಾತ್ರೆ, ಮೂರು ವರ್ಷದೊಳಗಿನವರಿಗೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಬೇಕು, ಅದಕ್ಕಿಂತ ದೊಡ್ಡವರು ಚೀಪದೆ ಅಗಿದು ನುಂಗಬೇಕು. ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, ಪುಡಿ ಮಾಡಿ ನೀರಿನಲ್ಲಿ ಕಲಸಿ. ಹಿಂದಿನಂತೆ ಉಪವಾಸ, ಹರಳೆಣ್ಣೆ ಬೇಕಿಲ್ಲ. ಹುಳು ಹೆಚ್ಚಿದ್ದರೆ ಸ್ವಲ್ಪ ಹೊಟ್ಟೆನೋವು, ವಾಂತಿ ಬರಬಹುದು, ಹೆದರಬೇಡಿ. ಜ್ವರವಿರುವ ಮಗುವಿಗೆ ವಾಸಿಯಾದ ಮೇಲೆ ಕೊಡಿ. ಫಿಟ್ಸ್ ಇರುವ ಮಗುವಿಗೆ ವೈದ್ಯರನ್ನು ಕೇಳದೆ ಕೊಡಬೇಡಿ.

ರಾತ್ರಿ ಗುದದ ಬಳಿ ತುರಿಕೆ ಇದ್ದರೆ ಅದು ದಾರದಂತಹ ಸಣ್ಣ ಹುಳು. ಮದ್ದು ಅದರ ಮೊಟ್ಟೆಯನ್ನು ಕೊಲ್ಲದು. ಎರಡು ವಾರ ಬಿಟ್ಟು ಮತ್ತೊಮ್ಮೆ, ಮನೆಮಂದಿಯೆಲ್ಲ ಒಟ್ಟಿಗೆ ತೆಗೆದುಕೊಳ್ಳಬೇಕು. ಗರ್ಭಿಣಿಯರು ಮಾತ್ರ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ.

ಮಾತ್ರೆ ಕೊಟ್ಟರೂ ಮಗು ಬಿಳಿಚಿಕೊಂಡೇ ಇದ್ದರೆ ಸುಮ್ಮನಿರಬೇಡಿ. ಉಡುಪಿ, ಕಾರ್ಕಳದ ಸರ್ಕಾರಿ ಆಸ್ಪತ್ರೆಯಲ್ಲೋ ಮಣಿಪಾಲದಲ್ಲೋ ಮಲ ಮತ್ತು ರಕ್ತ ಪರೀಕ್ಷೆ ಮಾಡಿಸಿ. ಹುಳು ಸತ್ತರೂ ಹೋದ ರಕ್ತ ತಾನಾಗಿ ಬೇಗ ತುಂಬುವುದಿಲ್ಲ. ಕಬ್ಬಿಣಾಂಶದ ಮದ್ದು ಬೇಕಾದೀತು. ತೋಟಕ್ಕೆ ಇಳಿಯುವ ಮಗುವಿನ ಕಾಲಿಗೆ ಚಪ್ಪಲಿ ಇರಲಿ. ಇಲ್ಲವಾದರೆ ಈ ಸಲ ಹೋದ ಹುಳು ಮುಂದಿನ ಮಳೆಗಾಲಕ್ಕೆ ಮತ್ತೆ ಹಾಜರ್.