ಸೂಜಿಯ ಮೊನೆಯ ಮರ್ಮ

ತಿಂಗಳುಗಟ್ಟಲೆ ಅಂಟಿಸಿ, ಉಜ್ಜಿ ಅಣಿಗೊಳಿಸಿದ ಪುಟ್ಟ ಮಾದರಿ ವಿಮಾನವೊಂದು ಬಣ್ಣ ಹಾಕುವ ಗಳಿಗೆಯಲ್ಲಿ ಕೆಟ್ಟುಹೋಗುವುದುಂಟು. ದೋಷ ಕೈಯದೆಂದು ನೊಂದುಕೊಳ್ಳುವ ಹವ್ಯಾಸಿಯು ಒಮ್ಮೆ ತನ್ನ ಏರ್‌ಬ್ರಷ್ಷಿನ ಸೂಜಿಯನ್ನು ನೋಡಿಕೊಳ್ಳುವುದೊಳಿತು.

ಗಾಳಿಯ ರಭಸದಿಂದ ಬಣ್ಣವನ್ನು ತುಂತುರಾಗಿಸುವ ಈ ಉಪಕರಣದಲ್ಲಿ 0.2, 0.3, 0.5 ಮಿಲಿಮೀಟರ್ ಎಂಬ ಅಳತೆಗಳು ಸೂಜಿಯ ಕಡ್ಡಿಯ ದಪ್ಪವನ್ನಲ್ಲ, ಅದರ ಮೊನೆ ಕುಳಿತುಕೊಳ್ಳುವ ಮೂತಿಯ ರಂಧ್ರವನ್ನು ಸೂಚಿಸುತ್ತವೆ. 1:72 ಪ್ರಮಾಣದ ಸ್ಪಿಟ್‌ಫೈರ್ ವಿಮಾನದ ರೆಕ್ಕೆಗಳು ತುದಿಯಿಂದ ತುದಿಗೆ 16 ಸೆಂಟಿಮೀಟರನ್ನೂ ಮುಟ್ಟವು. ಅವುಗಳ ಮೇಲಿನ ಹಸಿರು-ಕಂದು ಪಟ್ಟೆಗಳ ಅಂಚಿಗೆ 0.2 ಹೇಳಿ ಮಾಡಿಸಿದಂತಿದೆ. ಆದರೆ ತಳದ ಲೇಪಕ್ಕೂ ಅದನ್ನೇ ಹಿಡಿದರೆ ಮಂದ ಬಣ್ಣವು ಮೂತಿಯಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ, ಅಲ್ಲಿ 0.5 ಲೇಸು. ಒಂದನ್ನೇ ಕೊಳ್ಳಬಲ್ಲವರಿಗೆ 0.3 ಸಾಕು.

ಸೂಜಿಯನ್ನು ಬದಲಿಸುವವನು ಮೂತಿಯನ್ನೂ ಬದಲಿಸಲೇಬೇಕು. ಜೋಡಿ ತಪ್ಪಿದರೆ ಬಣ್ಣ ಸೋರುತ್ತದೆ. ಬಣ್ಣವನ್ನು ತೊಳೆದ ಮೇಲೆ ಮೊದಲು ಸೂಜಿಯನ್ನು ಹಿಂದಕ್ಕೆಳೆದು, ಅನಂತರವೇ ಮೂತಿಯನ್ನು ಬಿಚ್ಚತಕ್ಕದ್ದು. ಹೊಸ ಮೂತಿಯನ್ನು ಕೂರಿಸಿದ ಬಳಿಕ ಸೂಜಿಯನ್ನು ಮೆಲ್ಲನೆ ತೂರಿಸಿ, ತಡೆ ಸಿಕ್ಕೊಡನೆ ನಿಲ್ಲಿಸಬೇಕು. ಅವಸರಪಟ್ಟು ಒತ್ತಿದರೆ ಮೂತಿ ಸೀಳುತ್ತದೆ. ಸೀಳಿದ ಮೂತಿಗೆ ರಿಪೇರಿಯಿಲ್ಲ, ಹೊಸದನ್ನೇ ಕೊಳ್ಳಬೇಕು.