ಎಚ್ಚರದಿಂದ ನಿದ್ದೆಗೆ ಜಾರುವ ಬಗೆ

ನಮ್ಮ ವಾಚನಾಲಯಕ್ಕೆ ಬರುವ ಸ್ನೇಹಿತರೊಬ್ಬರಿಗೆ ಕಳೆದ ತಿಂಗಳು ರಾತ್ರಿಪಾಳಿಯಲ್ಲಿ ತೂಕಡಿಸಿದರೆಂದು ಒಂದು ದಿನದ ಕೂಲಿ ಹೋಯಿತು. ಸೋಮಾರಿಯೆಂಬ ಬಿರುದೂ ಬಂತು. "ಕಣ್ಣು ಬಿಟ್ಟುಕೊಂಡೇ ಇದ್ದೆ ಮಾರಾಯರೆ, ಯಾವಾಗ ಹೋಯಿತೋ ತಿಳಿಯಲಿಲ್ಲ" ಎಂದರು. ಹಾಜರಿ ಪುಸ್ತಕ ಬರೆಯುವ ನಮಗೆ ಈ ಮಾತು ಹೊಸದಲ್ಲ. ಇದು ನಿಜವಿರಬಹುದೆಂದು ತಿಳಿದದ್ದು ಮಾತ್ರ ಈಚೆಗೆ ಓದಿದ ಮೇಲೆ.

1917ರಲ್ಲಿ ವಿಯೆನ್ನಾ ನಗರದ ವೈದ್ಯ ಫಾನ್ ಎಕಾನಮೊ ಒಂದು ವಿಚಿತ್ರ ಬೇನೆಯನ್ನು ವರ್ಣಿಸಿದರು. ಅದು ತಗಲಿದವರಲ್ಲಿ ಹಲವರು ವಾರಗಟ್ಟಲೆ ಮಲಗಿಯೇ ಇರುತ್ತಿದ್ದರು. ಕೆಲವರಿಗೆ ನಿದ್ದೆಯೇ ಇಲ್ಲ. ಸತ್ತವರ ಮಿದುಳನ್ನು ಪರೀಕ್ಷಿಸಿದಾಗ, ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಪುಟ್ಟ ಭಾಗದ ಹಿಂಬದಿ ಕೆಟ್ಟಿದ್ದವರು ನಿದ್ದೆಯವರು, ಮುಂಬದಿ ಕೆಟ್ಟಿದ್ದವರು ನಿದ್ದೆಗೆಟ್ಟವರು ಎಂದು ಕಂಡಿತು. ಎಂದರೆ ನಿದ್ದೆ ಬರಿಯ ದಣಿವಲ್ಲ. ಅದನ್ನು ತರುವ ಜಾಗವೇ ಬೇರೆ, ಎಚ್ಚರ ಕಾಯುವ ಜಾಗವೇ ಬೇರೆ.

ಮುಂಬದಿಯ ಆ ನಿದ್ದೆಯ ಕಣಗಳ ಗುಂಪನ್ನು 1996ರಲ್ಲಿ ಅಮೆರಿಕದ ಸೇಪರ್ ಮತ್ತು ಸಂಗಡಿಗರು ಇಲಿಗಳಲ್ಲಿ ಗುರುತಿಸಿದರು. ಅದರಿಂದ ಹೊರಟ ನರತಂತುಗಳು ಎಚ್ಚರದ ಕೇಂದ್ರಗಳಿಗೆ ಹೋಗಿ ಅವುಗಳ ಬಾಯಿ ಮುಚ್ಚಿಸುತ್ತವೆ. ಎಚ್ಚರದ ಕೇಂದ್ರಗಳೂ ಸುಮ್ಮನಿಲ್ಲ, ತಿರುಗಿ ಇದರ ಬಾಯಿ ಮುಚ್ಚಿಸುತ್ತವೆ. ಒಂದೇ ಖೋಲಿಯಲ್ಲಿ ಇಬ್ಬರು ಜಗಳಗಂಟರಿದ್ದಂತೆ: ಒಬ್ಬನ ದನಿ ತುಸು ತಗ್ಗಿತೋ, ಇನ್ನೊಬ್ಬನ ದನಿ ಏರಿ ಅವನನ್ನು ಪೂರಾ ಅಡಗಿಸಿಬಿಡುತ್ತದೆ. ನಡುವೆ ನಿಲ್ಲಲು ಹೆಚ್ಚು ಜಾಗವಿಲ್ಲ. ದೀಪದ ಗುಂಡಿಯ ಹಾಗೆ ಆಚೆ, ಇಲ್ಲವೆ ಈಚೆ.

ಎಚ್ಚರದ ಪಕ್ಷಕ್ಕೆ ಬೆನ್ನು ಕೊಟ್ಟು ನಿಲ್ಲುವುದು ಒರೆಕ್ಸಿನ್ ಎಂಬ ದ್ರವ್ಯ, 1998ರಲ್ಲಿ ತಿಳಿದುಬಂತು. ಅದನ್ನು ತಯಾರಿಸುವ ಕಣಗಳು ನಾಶವಾದವರಿಗೆ ಹಗಲಲ್ಲೂ ತಡೆಯಲಾಗದ ನಿದ್ದೆ ಬರುತ್ತದೆ. ಅವರಲ್ಲಿ ಹಲವರಿಗೆ ನಗುವಾಗ ಮೊಣಕಾಲು ಕುಸಿಯುವುದೂ ಉಂಟು. ಹೀಗಾಗುವವರು ನಾಚದೆ ಡಾಕ್ಟರಿಗೆ ತೋರಿಸಬೇಕು. ಅದು ಸೋಮಾರಿತನವಲ್ಲ, ರೋಗ.

ನಮ್ಮ ಸ್ನೇಹಿತರದು ಆ ರೋಗವೆಂದು ನಾವು ಹೇಳುತ್ತಿಲ್ಲ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಶೇಖರವಾಗಿ ನಿದ್ದೆಯ ಕಡೆಗೆ ತಳ್ಳುತ್ತಿರುತ್ತದೆ. ಕಣ್ಣಿಗೆ ಬೀಳುವ ಬೆಳಕಿನಿಂದ ಹೊತ್ತು ಸರಿಮಾಡಿಕೊಳ್ಳುವ ಒಳಗಿನ ಗಡಿಯಾರವು ಹಗಲಿಡೀ ಎಚ್ಚರಕ್ಕೆ ಆಸರೆ ಕೊಟ್ಟು, ನಡುರಾತ್ರಿ ಕಳೆದ ಮೇಲೆ ಕೈಬಿಡುತ್ತದೆ. ಆಗ ಗುಂಡಿ ಒಮ್ಮೆಲೆ ಆಚೆ ಬೀಳುತ್ತದೆ. ಕೆಲವೇ ಗಳಿಗೆಯ ನಿದ್ದೆ, ಬಿದ್ದವನಿಗೇ ಗೊತ್ತಾಗದು. ಯಂತ್ರದ ಮುಂದೆ ಅಷ್ಟೇ ಸಾಕು, ಬೆರಳು ಹೋಗಲು.

ಚಹಾ ಅಡೆನೊಸಿನ್ನನ್ನು ತೆಗೆದುಹಾಕುವುದಿಲ್ಲ, ಅದರ ಕೆಲಸವನ್ನು ಮರೆಮಾಡುತ್ತದೆ, ಅಷ್ಟೆ. ಪಾಳಿ ಮುಗಿಯುವ ಹೊತ್ತಿಗೆ ಕುಡಿದ ಕಪ್ಪು ಬೆಳಗಿನ ನಿದ್ದೆಯನ್ನೇ ತಿನ್ನುತ್ತದೆ. ಜೊತೆಗೆ ಮನೆಗೆ ಬರುವಾಗ ಕಣ್ಣಿಗೆ ಬಿದ್ದ ಬಿಸಿಲು ಗಡಿಯಾರಕ್ಕೆ 'ಹಗಲಾಯಿತು' ಎಂದು ಸಾರುತ್ತದೆ. ಮಲಗಿದರೂ ಮೂರ್ನಾಲ್ಕು ತಾಸಿಗೆ ಎಚ್ಚರ.

ನಮ್ಮ ಸ್ನೇಹಿತರೀಗ ಖೋಲಿಯ ಕಿಟಕಿಗೆ ಕರಿಯ ಕಂಬಳಿ ಕಟ್ಟಿದ್ದಾರೆ. ಹಗಲುಪಾಳಿಯ ಜೊತೆಗಾರರು ಮಧ್ಯಾಹ್ನದವರೆಗೆ ರೇಡಿಯೋ ಹಚ್ಚದಿರಲು ಒಪ್ಪಿದ್ದಾರೆ, ರಜೆಯ ದಿನ ಬಿಟ್ಟು.