ಕಂಪನಿಯ ಗೋತ್ರಪ್ರವರ

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮುಂತಾದ ಗ್ರಾಮಗಳ ರೈತರು ತಮ್ಮ ಭೂಮಿಯನ್ನು ಸೌರವಿದ್ಯುತ್ ಸ್ಥಾವರಕ್ಕೆ ಗುತ್ತಿಗೆಗೆ ಕೊಟ್ಟಂದಿನಿಂದ ವರ್ಷವರ್ಷವೂ ಅವರ ಕೈಗೆ ಹಣ ಬರುತ್ತಿದೆ. ಹಣವಿದ್ದೆಡೆಗೆ ಅದನ್ನು ಬೆಳೆಸಿಕೊಡುವೆವೆಂಬವರೂ ಬರುವುದು ಲೋಕರೂಢಿಯಷ್ಟೆ. ಅಂಥ ರೈತರಲ್ಲೊಬ್ಬರು, ನಮ್ಮ ಹಳೆಯ ಶಿಷ್ಯರು, ಒಂದು ಕಂಪನಿಯ ಕಾಗದವನ್ನು ಮಧುಗಿರಿಗೆ ತಂದು ತೋರಿಸಿ, “ಸರ್ಕಾರದ ನಂಬರೇ ಇದೆಯಲ್ಲಾ ಮೇಷ್ಟ್ರೇ, ಇನ್ನೇನು ಭಯ?” ಎಂದರು.

ಆ ನಂಬರಿನ ಅರ್ಥವನ್ನು ವಾಚಕರು ಬಲ್ಲವರಾಗಿರುವುದು ಲೇಸು. ವಟುವು ಅಭಿವಾದನಕಾಲದಲ್ಲಿ ತನ್ನ ಗೋತ್ರ, ಸೂತ್ರ, ಶಾಖೆ, ನಾಮಗಳನ್ನು ಹೇಳಿಕೊಳ್ಳುವಂತೆ ಕಂಪನಿಯೂ ಇಪ್ಪತ್ತೊಂದು ಅಕ್ಷರಾಂಕಗಳಲ್ಲಿ ತನ್ನ ಕುಲವನ್ನು ಹೇಳಿಕೊಳ್ಳತಕ್ಕದ್ದು; ಪತ್ರ, ಬಿಲ್ಲುಗಳ ಮೇಲೆ ಅದನ್ನು ಅಚ್ಚುಹಾಕಿಸತಕ್ಕದ್ದೆಂದು 2013ನೆಯ ಇಸವಿಯ ಕಂಪನಿ ಕಾಯಿದೆಯ ವಿಧಿ. ಇನ್ಫೋಸಿಸ್ ಕಂಪನಿಯ ಸಂಖ್ಯೆಯನ್ನೇ ನೋಡೋಣ: ಎಲ್ 85110 ಕೆಎ 1981 ಪಿಎಲ್‌ಸಿ 013115. ಎಲ್ ಎಂದರೆ ಷೇರುಪೇಟೆಯ ಪಟ್ಟಿಯಲ್ಲಿ ಸೇರಿದ್ದು. ಬಳಿಕ ಉದ್ಯಮದ ವರ್ಗ, ರಾಜ್ಯ, ಜನ್ಮವರ್ಷ. ಪಿಎಲ್‌ಸಿ ಎಂದರೆ ಸಾರ್ವಜನಿಕ ಕಂಪನಿ. ಕೊನೆಯ ಆರಂಕಿ ದಫ್ತರದ ನೋಂದಣಿ. ಈ ಕಂಪನಿ ಹುಟ್ಟಿದ್ದು ಪುಣೆಯಲ್ಲಿ. ಆದರೂ ಸಂಖ್ಯೆಯಲ್ಲಿರುವುದು ಕರ್ನಾಟಕ. ಗೋತ್ರಕ್ಕೂ ಇದಕ್ಕೂ ಇದೊಂದು ಭೇದ: ನೋಂದಾಯಿತ ಕಚೇರಿ ಬೇರೆ ರಾಜ್ಯಕ್ಕೆ ಹೋದರೆ ಸಂಖ್ಯೆಯೂ ಬದಲಾಗುತ್ತದೆ.

ಪಟ್ಟಿಯಲ್ಲಿಲ್ಲದ ಕಂಪನಿಗೆ ಮೊದಲಕ್ಷರ ಯು. ಅದು ಕಳಂಕವೇನಲ್ಲ, ಪಾವಗಡದ ಸ್ಥಾವರವನ್ನು ನೋಡಿಕೊಳ್ಳುವ ಕರ್ನಾಟಕ ಸೌರವಿದ್ಯುತ್ ಅಭಿವೃದ್ಧಿ ನಿಗಮವೂ ಪಟ್ಟಿಯಲ್ಲಿಲ್ಲದ್ದೇ. ನಮ್ಮ ಶಿಷ್ಯರು ತಂದ ಕಾಗದದಲ್ಲಾದರೋ ಯು ಅಲ್ಲದೆ ಪಿಟಿಸಿ ಎಂಬ ಮೂರಕ್ಷರವೂ ಇದ್ದಿತು. ಅಂದರೆ ಖಾಸಗಿ ಕಂಪನಿ. ಖಾಸಗಿ ಕಂಪನಿಯು ಷೇರು ಕೊಳ್ಳಿರೆಂದು ಸಾರ್ವಜನಿಕರನ್ನು ಕರೆಯುವಂತಿಲ್ಲ. ಊರೂರು ತಿರುಗಿ ಠೇವಣಿಯೆತ್ತುವುದು ದೂರವೇ ಉಳಿಯಿತು. ನಂಬರು ಸುಳ್ಳಾಗಿರಲಿಲ್ಲ. ಆ ನಿಜವಾದ ನಂಬರೇ ಕಂಪನಿಗೆ ಪ್ರತಿಕೂಲವಾಗಿ ಸಾಕ್ಷ್ಯ ನುಡಿಯಿತು! ಗುತ್ತಿಗೆಯ ಹಣ ಬ್ಯಾಂಕಿನಲ್ಲಿಯೇ ಉಳಿಯಿತು.

ಇಲ್ಲಿ ಜನರು ಎರಡು ಅಧಿಕಾರಗಳನ್ನು ಒಂದೆಂದು ಎಣಿಸುತ್ತಾರೆ. ಕಂಪನಿಗಳ ರಿಜಿಸ್ಟ್ರಾರರು ಪುರಸಭೆಯ ಜನನದ ಗುಮಾಸ್ತರಂತೆ. ಹುಟ್ಟಿದ್ದನ್ನು ಬರೆದುಕೊಳ್ಳುತ್ತಾರೆ, ಶೀಲಕ್ಕೆ ಹೊಣೆಯಾಗುವುದಿಲ್ಲ. ಷೇರುಪೇಟೆಯನ್ನು ಕಾಯುವುದು 1988ರಲ್ಲಿ ಸ್ಥಾಪಿತವಾಗಿ 1992ರಲ್ಲಿ ಶಾಸನಬಲವನ್ನು ಪಡೆದ ಸೆಬಿ. ಪಟ್ಟಿಯಾದ ಕಂಪನಿಯು ತ್ರೈಮಾಸಿಕ ಕಳೆದ 45 ದಿನಗಳೊಳಗೆ ಫಲಿತಾಂಶವನ್ನು ಪ್ರಕಟಿಸತಕ್ಕದ್ದು. 2019ರಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ ಸಹಸ್ರಾರು ಕುಟುಂಬಗಳು ದೂರು ಹಿಡಿದು ಸಾಲುಗಟ್ಟಿದುದನ್ನು ವಾಚಕರು ಮರೆತಿರಲಾರರು. ಅದಕ್ಕೂ ನೋಂದಣಿ ಇದ್ದೇ ಇದ್ದಿತು.

ಸಂಶಯ ಬಂದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಹೆಸರು, ವಿಳಾಸ, ನಿರ್ದೇಶಕರ ವಿವರಗಳನ್ನು ಶುಲ್ಕವಿಲ್ಲದೆ ನೋಡಬಹುದು. ಪ್ರತಿ ನಿರ್ದೇಶಕರಿಗೂ ಎಂಟು ಅಂಕಿಯ ಸ್ವಂತ ಸಂಖ್ಯೆಯುಂಟು. ಅದು ಆಜೀವಪರ್ಯಂತ ಒಂದೇ. ಆದುದರಿಂದ ಹೊಸ ಹೆಸರಿನ ಕಂಪನಿಯ ಹಿಂದೆ ಹಳೆಯ ಆಸಾಮಿಯೇ ಇದ್ದರೆ ತಿಳಿದುಬರುವುದು. ಆಯವ್ಯಯಪತ್ರ ಮೊದಲಾದ ಕಾಗದಗಳ ಪರಿಶೀಲನೆಗೆ ಶುಲ್ಕ 100 ರೂಪಾಯಿ. ಲಾಭದ ಅಂಕಿಗಿಂತ ಮುಂಚೆ ಲೆಕ್ಕಪರಿಶೋಧಕರ ವರದಿಯನ್ನು ಓದುವುದು ನಮ್ಮ ಪದ್ಧತಿ. ಪಟ್ಟಿಯಾದ ಕಂಪನಿಯ ಮೇಲೆ ದೂರಿದ್ದರೆ ಸೆಬಿಯ ಸ್ಕೋರ್ಸ್ ಎಂಬ ದೂರುಕಟ್ಟೆ 2011ರಿಂದ ತೆರೆದಿದೆ. ಮನೆಯ ವಿದ್ಯಾರ್ಥಿಗಳ ಕೈಯಲ್ಲಿ ಬರೆಯಿಸಿ ಕಳುಹಿಸಬಹುದು.